ನಾನು ನಮ್ಮ ಭಾವನ ನಾಲಿಗೆ

ಕ್ಯಾಲಿಫೋರ್ನಿಯಾದ ಬೇ ಏರಿಯಾದಲ್ಲಿ ಎಲ್ಲೇ ಫುಡ್ ಟೇಸ್ಟಿಂಗ್ ನಡೆಯಲಿ, ಟಿಕೆಟ್ ಕೊಂಡು, ಮಣಿಕಟ್ಟಿಗೆ ಕಾಗದದ ಪಟ್ಟಿ ಸುತ್ತಿಸಿಕೊಂಡು, ಎಲ್ಲರಿಗಿಂತ ಮೊದಲು ಒಳಗೆ ನುಗ್ಗುವವರು ನಮ್ಮ ಭಾವ. ಎಲ್ಲರೂ ಹೋದ ಮೇಲೆ ಹೊರಗೆ ಬರುವವರೂ ಅವರೇ. ಈ ನಡುವಿನ ನಾಲ್ಕು ಗಂಟೆಗಳಲ್ಲಿ ಅವರು ತಿನ್ನುವುದೇನು ಗೊತ್ತೇ? ಏನೂ ಇಲ್ಲ! ಬಾಯಾರಿದರೆ ಒಂದಿಷ್ಟು ನೀರು. ಅದೂ ಮನೆಯಿಂದ ತಂದದ್ದು.

ಟೇಸ್ಟಿಂಗ್ ಎಂದರೇನು ಅಂತ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಯಾವುದಾದರೂ ಒಂದು ಶನಿವಾರ ಪೇಟೆಯ ಮುಖ್ಯ ರಸ್ತೆಗೆ ಕಾರು ಬರದಂತೆ ಅಡ್ಡ ಹಾಕುತ್ತಾರೆ. ಸುತ್ತಮುತ್ತಲ ರೆಸ್ಟೋರೆಂಟಿನವರೆಲ್ಲ ಸಾಲಾಗಿ ಬಿಳಿ ಟೆಂಟ್ ಹಾಕಿ, ಒಂದೊಂದು ಮೇಜಿನ ಹಿಂದೆ ನಿಲ್ಲುತ್ತಾರೆ. ಪ್ರತಿ ಮೇಜಿನಲ್ಲೂ ಅಂಗೈಯಗಲದ ಕಾಗದದ ಬಟ್ಟಲಿನಲ್ಲಿ ಒಂದೇ ಒಂದು ತುತ್ತು. ನಮ್ಮ ಮದುವೆಮನೆಗಳಲ್ಲಿ ಉಣ್ಣುವವರು ಕೂತಿರುತ್ತಾರೆ, ಬಡಿಸುವವರು ಓಡಾಡುತ್ತಾರೆ. ಇಲ್ಲಿ ಬಡಿಸುವವರು ನಿಂತಿರುತ್ತಾರೆ, ಉಣ್ಣುವವರು ಓಡಾಡುತ್ತಾರೆ. ಅಷ್ಟೇ ವ್ಯತ್ಯಾಸ.

ನಮ್ಮ ಭಾವ ಎಂದರೆ ನನ್ನ ಅಕ್ಕನ ಗಂಡ. ಉಡುಪಿಯ ಕಡೆಯವರು. ಈರುಳ್ಳಿ, ಬೆಳ್ಳುಳ್ಳಿ ಹೊಸ್ತಿಲು ದಾಟಿ ಒಳಗೆ ಬಾರದ ಮನೆಯಲ್ಲಿ ಹುಟ್ಟಿದವರು. ಮೊಟ್ಟೆ, ಮಾಂಸದ ಮಾತೇ ಬೇಡ. ಯೀಸ್ಟ್ ಹಾಕಿದ್ದನ್ನು ಅನುಮಾನಿಸುತ್ತಾರೆ. ಚೀಸ್ ಯಾವುದರಿಂದ ಹೆಪ್ಪುಗಟ್ಟಿತು ಎಂದು ವಿಚಾರಿಸುತ್ತಾರೆ. ಇಷ್ಟನ್ನೂ ಕಳೆದರೆ ಅಮೆರಿಕದ ಅಡುಗೆಯಲ್ಲಿ ಉಳಿಯುವುದು ಬಾಳೆಹಣ್ಣು! ಮೂವತ್ತು ವರ್ಷ ಈ ದೇಶದಲ್ಲಿ ಮನೆಯ ಡಬ್ಬಿಯನ್ನೇ ನಂಬಿ ಬದುಕಿದ ಮನುಷ್ಯ ಇದ್ದಕ್ಕಿದ್ದಂತೆ, ರಿಟೈರ್ ಆದ ಮೇಲೆ, ಟೇಸ್ಟಿಂಗಿಗೆ ಹೋಗಲು ಶುರುಮಾಡಿದರೆ ಮನೆಯವರಿಗೆ ಏನನ್ನಿಸಬೇಡ? ಅವರು ಇದ್ದದ್ದು ಕಂಪ್ಯೂಟರ್ ಚಿಪ್ ಕಂಪನಿಯ ಟೆಸ್ಟಿಂಗ್ ವಿಭಾಗದಲ್ಲಿ. ಹಳೇ ಅಭ್ಯಾಸದಲ್ಲಿ ಜಾಹೀರಾತನ್ನು ತಪ್ಪಾಗಿ ಓದಿಕೊಂಡರೇನೋ ಎಂದು ನಾನು ಮೊದಲು ಅಂದುಕೊಂಡೆ.

ಹಾಗಾದರೆ ಅವರ ಬಟ್ಟಲಿನಲ್ಲಿ ಬಿದ್ದದ್ದನ್ನು ತಿನ್ನುವವರು ಯಾರು? ನಾನು! ಅಕ್ಕನಿಗೆ ಜನಜಂಗುಳಿ ಕಂಡರಾಗದು. ನನ್ನ ಗಂಡನಿಗೆ ಶನಿವಾರ ಕ್ರಿಕೆಟ್ಟು. ಎಲ್ಲವನ್ನೂ ತಿನ್ನುವ, ಎಂದೂ ಬೇಡ ಎನ್ನದ ಹೊಟ್ಟೆ ಕುಟುಂಬದಲ್ಲಿ ನನ್ನದೊಂದೇ ಎಂದು ಭಾವನಿಗೆ ಯಾರು ಹೇಳಿದರೋ! ಎರಡು ವರ್ಷದಿಂದ ನಾನು ಅವರ ಅಧಿಕೃತ ನಾಲಿಗೆ.

ಕ್ರಮ ಹೀಗಿದೆ. ಭಾವ ಮೇಜಿನ ಮುಂದೆ ನಿಂತು, ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಅಡುಗೆಯವರನ್ನು ಕೇಳುತ್ತಾರೆ: ಇದರಲ್ಲಿ ಏನೇನಿದೆ? ಎಷ್ಟು ಹೊತ್ತು ಬೇಯಿಸಿದಿರಿ? ಎಣ್ಣೆ ಯಾವುದು? ಹಿಂದಿನ ಸಾಲು ಬೆಳೆಯುತ್ತದೆ, ಕೆಮ್ಮುತ್ತದೆ, ಗೊಣಗುತ್ತದೆ. ಎಲ್ಲ ಕೇಳಿಯಾದ ಮೇಲೆ ಭಾವ ಬಟ್ಟಲನ್ನು ಎರಡೂ ಕೈಯಲ್ಲಿ ಗೌರವದಿಂದ ಸ್ವೀಕರಿಸಿ, ಇತ್ತ ತಿರುಗಿ ನನಗೆ ಕೊಡುತ್ತಾರೆ.

"ತಿಂದು ಹೇಳು ನೋಡುವ, ಹೇಗುಂಟು?"

"ಚೆನ್ನಾಗಿದೆ ಭಾವ."

"ಚೆನ್ನಾಗಿದೆ ಅಂದ್ರೆ ಎಂತ ಮಾರಾಯ್ತಿ? ನಾನು ಚಿಪ್ ಟೆಸ್ಟ್ ಮಾಡಿ 'ಚೆನ್ನಾಗಿದೆ' ಅಂತ ರಿಪೋರ್ಟ್ ಬರೆದಿದ್ರೆ ಕಂಪನಿ ಎಂದೋ ಬಾಗಿಲು ಹಾಕ್ತಿತ್ತು. ಹುಳಿ ಮೊದಲು ಬಂತಾ, ಖಾರ ಮೊದಲು ಬಂತಾ?"

"ಎರಡೂ ಒಟ್ಟಿಗೆ ಬಂತು."

"ಒಟ್ಟಿಗೆ ಹೇಗೆ ಬರ್ತದೆ? ಇನ್ನೊಂದು ಸಲ ತಿನ್ನು."

ಹೀಗೆ ನಾನು ಒಂದೇ ಟೊಮೆಟೊ ಸೂಪನ್ನು ಮೂರು ಸಲ ಕುಡಿದು, ಹುಳಿ ಮೊದಲು, ಸಿಹಿ ಆಮೇಲೆ, ಖಾರ ಗಂಟಲಿನಲ್ಲಿ ಎಂದು ಹೇಳಿಕೆ ಕೊಟ್ಟಿದ್ದೇನೆ. ಅಂಥ ಶನಿವಾರಗಳ ಮರುದಿನ ನಾನು ಮಜ್ಜಿಗೆ ಬಿಟ್ಟು ಬೇರೇನೂ ಮುಟ್ಟುವುದಿಲ್ಲ.

ಇನ್ನೊಂದು ವಿಷಯ ಹೇಳಿದರೆ ನೀವು ನಂಬಲಿಕ್ಕಿಲ್ಲ. ಬೆಳ್ಳುಳ್ಳಿಯ ಹೆಸರು ಕೇಳಿದರೆ ಮೂಗು ಮುಚ್ಚುವ ಈ ಮಹಾನುಭಾವರು ಇರುವುದು ಎಲ್ಲಿ ಗೊತ್ತೇ? ಗಿಲ್‌ರಾಯ್‌ನಲ್ಲಿ! ಲೋಕಕ್ಕೆಲ್ಲ ಬೆಳ್ಳುಳ್ಳಿ ಊರು ಎಂದೇ ಗೊತ್ತಿರುವ ಗಿಲ್‌ರಾಯ್‌ನಲ್ಲಿ! ಮನೆ ನೋಡಲು ಹೋದದ್ದು ಫೆಬ್ರುವರಿಯಲ್ಲಿ. ಹಸಿರು ಗುಡ್ಡ, ತಣ್ಣನೆ ಗಾಳಿ, ದೊಡ್ಡ ಹಿತ್ತಲು. "ಉಡುಪಿಯ ಹಾಗೆಯೇ ಉಂಟು, ಸಮುದ್ರ ಒಂದಿಲ್ಲ" ಎಂದು ಭಾವ ಅವತ್ತೇ ಒಪ್ಪಿಕೊಂಡುಬಿಟ್ಟರು. ಜುಲೈ ಬಂತು. ಒಂದು ಬೆಳಗ್ಗೆ ಕಿಟಕಿ ತೆರೆದರೆ ಇಡೀ ಊರೇ ಒಗ್ಗರಣೆಯ ಹಾಗೆ ಘಮ್ಮೆಂದಿತಂತೆ! ಭಾವ ಅಕ್ಕನ ಮೇಲೆ ಕೂಗಾಡಿದರಂತೆ: "ಅಡುಗೆಮನೆಯಲ್ಲಿ ಎಂತ ಮಾಡ್ತಾ ಇದ್ದಿ ನೀನು?" ಹಲ್ಲುಜ್ಜುತ್ತಿದ್ದ ಅಕ್ಕ ಬ್ರಷ್ ಹಿಡಿದುಕೊಂಡೇ ಬಂದು, ಕಿಟಕಿಯಾಚೆಗೆ ಕೈ ತೋರಿಸಿದಳಂತೆ. ಅಂದಿನಿಂದ ಬೇಸಿಗೆಯಿಡೀ ಅವರ ಮನೆಯ ಕಿಟಕಿಗಳು ಬಂದ್. ಕಾರು ಹತ್ತುವವರೆಗೆ ಭಾವ ಉಸಿರು ಬಿಗಿಹಿಡಿದು ಓಡುತ್ತಾರೆ ಎಂದು ಅಕ್ಕ ಹೇಳುತ್ತಾಳೆ. ನಾನು ನೋಡಿಲ್ಲ, ಆದರೆ ನಂಬುತ್ತೇನೆ.

ಆ ಮೂಗು ಮಾತ್ರ ಸಾಮಾನ್ಯದ್ದಲ್ಲ. ಫ್ರೀಮಾಂಟ್‌ನ ಒಂದು ಟೇಸ್ಟಿಂಗಿನಲ್ಲಿ ನಡೆದದ್ದು ಕೇಳಿ. ಅಲ್ಲಿ ಒಂದು ಮೆಕ್ಸಿಕನ್ ರೆಸ್ಟೋರೆಂಟಿನ ಮೇಜು. ಐವತ್ತು ದಾಟಿದ, ಗಿರಿಜಾ ಮೀಸೆಯ ಗಟ್ಟಿ ಮನುಷ್ಯ ಹಸಿರು ಸಾಲ್ಸಾ, ಅಂದರೆ ಅವರ ಕಡೆಯ ಚಟ್ನಿ, ಬಡಿಸುತ್ತಿದ್ದ. ಭಾವ ವಾಡಿಕೆಯಂತೆ ವಿಚಾರಣೆ ಶುರುಮಾಡಿದರು. ಬೆಳ್ಳುಳ್ಳಿ ಇದೆಯೇ? ಇಲ್ಲ ಎಂದ ಆತ. ಭಾವ ಬಟ್ಟಲಿನ ಹತ್ತಿರ ಬಗ್ಗಿದರು, ಕಣ್ಣು ಮುಚ್ಚಿದರು, ಮತ್ತೆ ತೆರೆದರು.

"ಸರ್, ಇದರಲ್ಲಿ ಬೆಳ್ಳುಳ್ಳಿ ಉಂಟು" ಎಂದರು. ಇಂಗ್ಲಿಷಿನಲ್ಲಿಯೇ ಹೇಳಿದ್ದು, ಆದರೆ ನನಗಂತೂ ಆ 'ಉಂಟು' ಕೇಳಿಸಿತು.

ಆತನಿಗೆ ಸಿಟ್ಟು ಬಂತು. ಇದು ನಮ್ಮ ತಾಯಿಯ ರೆಸಿಪಿ, ಇಪ್ಪತ್ತು ವರ್ಷದಿಂದ ನಾನೇ ಮಾರುತ್ತಿದ್ದೇನೆ, ನನಗೆ ಗೊತ್ತಿಲ್ಲವೇ ಎಂದ. ಭಾವ ವಿನಯದಿಂದಲೇ, ಇಲ್ಲ, ನಿಮಗೆ ಗೊತ್ತಿಲ್ಲ ಎಂದರು! ಸಾಲಿನವರೆಲ್ಲ ಕೆಮ್ಮುವುದನ್ನು ಬಿಟ್ಟು ಕುತೂಹಲದಿಂದ ಮುಂದೆ ಬಂದರು. ನಾನು ಪಕ್ಕದ ಮೇಜಿನ ನೂಡಲ್ಸನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ, ಈ ಮನುಷ್ಯ ಯಾರೋ ಏನೋ ಎಂಬಂತೆ. ಆತ ತಿರುಗಿ, ಹಿಂದೆ ನಿಲ್ಲಿಸಿದ್ದ ವ್ಯಾನಿನ ಕಡೆ ಕೂಗಿದ. ವ್ಯಾನಿನಿಂದ ಎಂಬತ್ತರ ಹತ್ತಿರದ ಪುಟ್ಟ ಅಜ್ಜಿಯೊಬ್ಬರು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತ ಇಳಿದರು. ತಾಯಿ ಮಗನ ನಡುವೆ ಸ್ಪ್ಯಾನಿಷ್‌ನಲ್ಲಿ ಮಾತಾಯಿತು. ಅಜ್ಜಿ ಆಕಾಶ ನೋಡಿದರು. ನೆಲ ನೋಡಿದರು. ಕೊನೆಗೆ ಹೆಬ್ಬೆರಳು ತೋರುಬೆರಳು ಜೋಡಿಸಿ, "ಇಷ್ಟೇ ಇಷ್ಟು" ಎಂದು ತೋರಿಸಿದರು!

ಮಗನಿಗೆ ಗೊತ್ತಾಗದಂತೆ ಇಪ್ಪತ್ತು ವರ್ಷ, ಪ್ರತಿ ಪಾತ್ರೆಗೂ, ಒಂದು ಎಸಳು! ಆತನ ಮೀಸೆ ಇಳಿದ ಪರಿ ನೋಡಬೇಕಿತ್ತು. ಅಜ್ಜಿ ಮಾತ್ರ ಬಂದು ಭಾವನ ಕೆನ್ನೆ ತಟ್ಟಿ, ಸ್ಪ್ಯಾನಿಷ್‌ನಲ್ಲಿ ಏನೋ ಹೇಳಿ ನಕ್ಕರು. "ಎಂತ ಹೇಳಿದ್ರು ಅವರು?" ಎಂದು ಭಾವ ಸಾಲಿನಲ್ಲಿದ್ದ, ಸ್ಪ್ಯಾನಿಷ್ ಬಲ್ಲ ಹೆಂಗಸೊಬ್ಬರನ್ನು ಕೇಳಿದರು. "ನಿನ್ನಂಥ ಮೂಗು ನನ್ನ ಮಗನಿಗೆ ಇದ್ದಿದ್ದರೆ ನನಗೆ ಬಹಳ ಕಷ್ಟವಾಗುತ್ತಿತ್ತು" ಎಂದಿದ್ದರಂತೆ. ಭಾವನಿಗೆ ಅವತ್ತು ನೆಲ ಕಾಣಲಿಲ್ಲ.

ಹಾಗಂತ ಮೂಗು ಎಂದೂ ಕೈಕೊಟ್ಟಿಲ್ಲ ಎಂದೇನಲ್ಲ. ಮತ್ತೊಂದು ಊರಿನಲ್ಲಿ, ಸುಡು ಬಿಸಿಲಿನ ಮಧ್ಯಾಹ್ನ, ಐಸ್‌ಕ್ರೀಮಿನ ಮೇಜು ಕಂಡಿತು. ಬಿಳಿಯ ಐಸ್‌ಕ್ರೀಮು. ಮೊಟ್ಟೆ ಇಲ್ಲ ಎಂದು ಫಲಕದಲ್ಲೇ ಬರೆದಿತ್ತು. ಭಾವನ ಮುಖ ಅರಳಿತು. "ಅಂತೂ ನಂಗೊಂದು ಸಿಕ್ಕಿತು ನೋಡು!" ಎಂದು, ಮೊದಲ ಬಾರಿಗೆ ವಿಚಾರಣೆಯನ್ನೇ ಮಾಡದೆ ಚಮಚ ಎತ್ತಿದರು. ಅಷ್ಟರಲ್ಲಿ ಫಲಕದ ಮೂಲೆಯಲ್ಲಿದ್ದ ಚಿತ್ರ ನನಗೆ ಕಂಡಿತು. ದುಂಡಗೆ, ಬಿಳಿಯದಾಗಿ, ಬಾಲವಿರುವ ಒಂದು ಗಡ್ಡೆ.

"ಭಾವಾ! ಬೆಳ್ಳುಳ್ಳಿ!" ಎಂದು ಕಿರುಚಿ ಅವರ ಕೈಗೆ ಹೊಡೆದೆ. ಐಸ್‌ಕ್ರೀಮು ಹಾರಿ ಅವರದೇ ಎಡಗಾಲಿನ ಶೂಸಿನೊಳಗೆ ಇಳಿಯಿತು.

ಭಾವ ಶೂಸನ್ನೂ ನನ್ನನ್ನೂ ಆ ಬಡಪಾಯಿ ಮಾರುವವಳನ್ನೂ ಒಂದಾದ ಮೇಲೊಂದು ನೋಡಿದರು. "ಐಸ್‌ಕ್ರೀಮಿಗೆ ಬೆಳ್ಳುಳ್ಳಿ ಹಾಕಬೇಕಂತ ಯಾರಿಗೆ ತೋಚಿದ್ದು? ಅವರಿಗೆ ಮನೆಯಲ್ಲಿ ಹೇಳುವವರು ಕೇಳುವವರು ಯಾರೂ ಇಲ್ವಾ?" ಎಂದರು. ಆ ಶೂಸನ್ನು ಒಂದು ವಾರ ಮನೆಯ ಹೊರಗೆ ಇಟ್ಟರು, ವಾಸನೆ ಹೋಗಲಿ ಎಂದು. ಗಿಲ್‌ರಾಯ್‌ನಲ್ಲಿ! ಜುಲೈ ತಿಂಗಳಲ್ಲಿ!

ಇಷ್ಟು ಹೊತ್ತು ನಗುತ್ತ ಬಂದೆ. ಈಗ ನಿಧಿಯ ವಿಷಯ ಹೇಳಬೇಕು. ನಿಧಿ ಭಾವನ ಒಬ್ಬಳೇ ಮಗಳು. ಇಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷ್ ಬೆರೆತೇ ಬರುತ್ತದೆ. ಓದು ಮುಗಿಸಿ ಮೌಂಟನ್ ವ್ಯೂನ ದೊಡ್ಡ ಕಂಪನಿಯಲ್ಲಿ ನಾಲ್ಕು ವರ್ಷ ಕೆಲಸ ಮಾಡಿದಳು. ಎರಡು ವರ್ಷದ ಹಿಂದೆ ಒಂದು ಭಾನುವಾರ ಗಿಲ್‌ರಾಯ್‌ಗೆ ಬಂದು, ಕಾಫಿ ಕುಡಿಯುತ್ತ, ಕೆಲಸ ಬಿಟ್ಟೆ, ಒಂದು ರೆಸ್ಟೋರೆಂಟಿನ ಅಡುಗೆಮನೆಯಲ್ಲಿ ಸೇರಿಕೊಂಡೆ ಎಂದಳು. ನಾನೂ ಅಲ್ಲಿದ್ದೆ. ಅಕ್ಕ ಲೋಟವನ್ನು ಮೇಜಿನ ಮೇಲಿಟ್ಟ ಸದ್ದು ನನಗೆ ಇನ್ನೂ ನೆನಪಿದೆ. ಭಾವ ಎದ್ದು, "ಹೌದಾ" ಎಂದರು. ಹಿತ್ತಲಿಗೆ ಹೋಗಿ ಗಿಡಗಳಿಗೆ ನೀರು ಬಿಟ್ಟರು. ಬೆಳಗ್ಗೆಯಷ್ಟೇ ನೀರು ಬಿಟ್ಟಿದ್ದ ಗಿಡಗಳಿಗೆ.

ಜಗಳವಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು. ಅಪ್ಪ ಮಗಳು ಫೋನಿನಲ್ಲಿ ಕಾರಿನ ಆಯಿಲ್ ಬದಲಾಯಿಸಿದ್ದರ ಬಗ್ಗೆ, ಹಲ್ಲಿನ ಡಾಕ್ಟರ ಬಗ್ಗೆ ಮಾತಾಡುತ್ತಿದ್ದರು. ಅವಳ ಕೆಲಸದ ಬಗ್ಗೆ ಅವರು ಒಂದು ಮಾತೂ ಕೇಳಲಿಲ್ಲ, ಅವಳು ಹೇಳಲಿಲ್ಲ. ಅವಳು ಅಡುಗೆ ಮಾಡುವ ಕಡೆಗೆ ಅವರು ಒಮ್ಮೆಯೂ ಕಾಲಿಡಲಿಲ್ಲ. "ಹೋಗಿ ನೋಡಿ ಬನ್ನಿ ಅಂದ್ರೆ, ನಾನು ಹೋಗಿ ಅಲ್ಲಿ ಎಂತ ತಿನ್ನುದು ಅಂತಾರೆ ಕಣೇ" ಎಂದು ಅಕ್ಕ ನನ್ನ ಹತ್ತಿರ ಅತ್ತಿದ್ದಳು. ಆಮೇಲೆ ಕಳೆದ ಚಳಿಗಾಲದಲ್ಲಿ ನಿಧಿ ಮತ್ತು ಅವಳ ಗೆಳತಿ ಸೇರಿ ಮೌಂಟನ್ ವ್ಯೂನಲ್ಲಿ ತಮ್ಮದೇ ಒಂದು ಪುಟ್ಟ ರೆಸ್ಟೋರೆಂಟ್ ತೆರೆದರು. ಆರಂಭಕ್ಕೆ ಅಕ್ಕ ಹೋದಳು, ನಾನು ಹೋದೆ. ಭಾವ ಸೊಂಟನೋವು ಎಂದರು.

ಹೀಗಿರುವಾಗ ಈ ವರ್ಷ ಮೇ ತಿಂಗಳಲ್ಲಿ ಭಾವನ ಫೋನು ಬಂತು. "ಶನಿವಾರ ಮೌಂಟನ್ ವ್ಯೂನಲ್ಲಿ ಟೇಸ್ಟಿಂಗ್ ಉಂಟು. ಹೊಟ್ಟೆ ಖಾಲಿ ಇಟ್ಕೊಂಡು ಬಾ." ಫೋನಿಟ್ಟ ಮೇಲೆ ಆ ಟೇಸ್ಟಿಂಗಿನ ಪಟ್ಟಿಯನ್ನು ತೆರೆದು ನೋಡಿದೆ. ಇಪ್ಪತ್ತೇಳನೆಯ ಮೇಜು ನಿಧಿಯ ರೆಸ್ಟೋರೆಂಟಿನದು! ಇವರಿಗೆ ಗೊತ್ತೋ ಇಲ್ಲವೋ? ಗೊತ್ತಿಲ್ಲದೆ ಹೋಗಿ ಅಲ್ಲಿ ಮುಖಾಮುಖಿಯಾದರೆ? ಜನರ ಮುಂದೆ ಆ ಮಗುವನ್ನೂ ವಿಚಾರಣೆ ಮಾಡಿ, ಬಟ್ಟಲನ್ನು ನನ್ನ ಕೈಗೆ ದಾಟಿಸಿದರೆ?

ಶನಿವಾರ ನಾನು ಒಂದು ಉಪಾಯ ಮಾಡಿದೆ. ಮೇಜುಗಳ ನಕಾಶೆಯನ್ನು ನಾನೇ ಹಿಡಿದುಕೊಂಡು, ಮೊದಲನೆಯ ಮೇಜಿನಿಂದಲೇ ಬಹಳ ನಿಧಾನವಾಗಿ ತಿನ್ನತೊಡಗಿದೆ. ಹುಳಿ ಮೊದಲೋ ಖಾರ ಮೊದಲೋ ಎಂದು ನಾನಾಗಿಯೇ ದೀರ್ಘ ವಿವರಣೆ ಕೊಟ್ಟೆ. ಮೂರು ಗಂಟೆಯ ಹೊತ್ತಿಗೆ ಮುಗಿಯುವ ಕಾರ್ಯಕ್ರಮ. ಇಪ್ಪತ್ತರ ಹತ್ತಿರ ಬರುವಾಗ ಟೆಂಟ್ ಬಿಚ್ಚಲು ಶುರುವಾದರೆ ನಾನು ಗೆದ್ದೆ! ಆದರೆ ಅವತ್ತು ಭಾವನ ವಿಚಾರಣೆಗಳೇ ಚಿಕ್ಕದಾಗಿದ್ದವು. ಒಂದು ಪ್ರಶ್ನೆ, ಒಂದು ಬಟ್ಟಲು, ಮುಂದೆ. ನನ್ನ ವಿವರಣೆಗೂ ಕಿವಿಗೊಡಲಿಲ್ಲ. ನಾನು ಹದಿನೆಂಟನೆಯ ಮೇಜಿನ ಬೀನ್ಸ್ ಬಗ್ಗೆ ಭಾಷಣ ಮಾಡುತ್ತಿರುವಾಗಲೇ ಅವರು ಹತ್ತು ಹೆಜ್ಜೆ ಮುಂದೆ ಹೋಗಿದ್ದರು.

"ಭಾವ, ಸಾಕು. ನನ್ನ ಹೊಟ್ಟೆ ಬಿರಿಯುತ್ತೆ. ಮನೆಗೆ ಹೋಗೋಣ" ಎಂದೆ.

"ಇಪ್ಪತ್ತೇಳು ಒಂದು ನೋಡಿಕೊಂಡು ಹೋಗುವ."

ನಾನು ನಿಂತುಬಿಟ್ಟೆ. "ನಿಮಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಎಂತ? ಹೆಸರು ದೊಡ್ಡದಾಗಿ ಬರೆದಿದ್ದಾರಲ್ಲ." ಭಾವ ಬಾಟಲಿಯಿಂದ ಒಂದು ಗುಟುಕು ನೀರು ಕುಡಿದರು. "ನಂಗೆ ಚಿಪ್ ಗೊತ್ತುಂಟು, ಈ ಕೆಲಸ ಗೊತ್ತಿಲ್ಲ. ಗೊತ್ತಿಲ್ದೆ ಅವಳ ಹತ್ರ ಎಂತ ಮಾತಾಡುದು? ಸರಿ ಮಾಡಿದಿ ಅನ್ನುದಾ, ತಪ್ಪು ಮಾಡಿದಿ ಅನ್ನುದಾ? ಅದಕ್ಕೇ ಎರಡು ವರ್ಷ ಊರೂರು ಸುತ್ತಿದ್ದು. ಈ ಜನ ಎಂತ ಮಾಡ್ತಾರೆ, ಹೇಗೆ ಮಾಡ್ತಾರೆ ಅಂತ ನೋಡ್ಬೇಕಲ್ಲ?"

"ಅವಳನ್ನೇ ಕೇಳಬಹುದಿತ್ತಲ್ಲ ಭಾವ!"

"ನಾನು ಕೇಳಿದ್ರೆ ಅವಳಿಗೆ ಬೈದ ಹಾಗೆ ಕೇಳ್ತದೆ. ನನ್ನ ಸ್ವರವೇ ಹಾಗೆ ಅಲ್ವಾ?"

ನಾನು ನಕಾಶೆಯನ್ನು ಮಡಚಿ ಚೀಲದೊಳಗೆ ಹಾಕಿದೆ.

ನಿಧಿಯ ಮೇಜಿನ ಮುಂದೆ ಉದ್ದ ಸಾಲಿತ್ತು. ಭಾವ ಸಾಲಿನಲ್ಲೇ ನಿಂತರು. ಅವಳು ತಲೆಗೆ ಕರಿ ಬಟ್ಟೆ ಕಟ್ಟಿಕೊಂಡು, ಬಿಸಿ ಕಾವಲಿಯ ಮೇಲೆ ಪತ್ರೊಡೆಯ ಬಿಲ್ಲೆಗಳನ್ನು ಮಗುಚುತ್ತಿದ್ದಳು. ಕೆಸುವಿನ ಎಲೆಗೆ ಹಿಟ್ಟು ಹಚ್ಚಿ, ಸುರುಳಿ ಸುತ್ತಿ, ಬೇಯಿಸಿ ಕೊಯ್ದ ಅದೇ ಪತ್ರೊಡೆ. ಭಾವನ ತಾಯಿ, ಬೇಸಿಗೆ ರಜೆಯಲ್ಲಿ ಉಡುಪಿಗೆ ಹೋದಾಗ, ಇವಳಿಗೆ ಮಾಡಿ ಹಾಕುತ್ತಿದ್ದದ್ದು. ಬಿಲ್ಲೆ ಗರಿಗರಿಯಾದ ಮೇಲೆ ಅವಳ ಗೆಳತಿ ಅದನ್ನು ಬಟ್ಟಲಿಗೆ ಹಾಕಿ, ಮೇಲೆ ಒಂದು ಚಮಚ ಕೆಂಪು ಚಟ್ನಿ ಇಡುತ್ತಿದ್ದಳು. ಗಾಳಿ ನಮ್ಮ ಕಡೆಗೇ ಬೀಸುತ್ತಿತ್ತು. ಅದು ಯಾವುದರ ಚಟ್ನಿ ಎಂದು ತಿಳಿಯಲು ಭಾವನ ಮೂಗೇ ಬೇಕಾಗಿರಲಿಲ್ಲ, ನನ್ನದೇ ಸಾಕಾಗಿತ್ತು.

ನಮ್ಮ ಸರದಿ ಬಂತು. ನಿಧಿ ತಲೆ ಎತ್ತಿದಳು. ಕೈಯಲ್ಲಿದ್ದ ಸಟ್ಟುಗ ಅಲ್ಲೇ ನಿಂತಿತು.

ಭಾವ ಕೈಯನ್ನು ಬೆನ್ನ ಹಿಂದೆ ಕಟ್ಟಿದರು. ಅವರಿಗೆ ಬೇರೆ ರೀತಿ ಮಾತು ಶುರುಮಾಡಲು ಬರುವುದಿಲ್ಲ, ಪಾಪ. "ಇದರಲ್ಲಿ ಎಂತೆಲ್ಲ ಉಂಟು?"

"ಟಾರೋ ಲೀವ್ಸ್, ರೈಸ್, ಹುಣಸೆಹಣ್ಣು, ಬೆಲ್ಲ..." ಅವಳ ಧ್ವನಿ ತೆಳ್ಳಗಾಗಿತ್ತು. "ಅಜ್ಜಿ ರೆಸಿಪಿ, ಅಪ್ಪ."

"ಮೇಲಿದ್ದದ್ದು?"

"ಗಾರ್ಲಿಕ್ ಚಟ್ನಿ. ಅದು ನಮ್ದು." ಆಮೇಲೆ ಅವಸರವಾಗಿ, "ವೇಟ್, ವೇಟ್" ಎಂದು ಮೇಜಿನ ಕೆಳಗೆ ಬಗ್ಗಿ ಒಂದು ಸ್ಟೀಲ್ ಡಬ್ಬಿ ತೆಗೆದಳು. "ಇದು ಬೇರೆ. ಐ ಮೇಡ್ ಇಟ್ ಅಟ್ ಹೋಮ್, ಬೇರೆ ಪಾತ್ರೆಯಲ್ಲಿ. ಬೆಳ್ಳುಳ್ಳಿ ಇಲ್ಲ, ಪ್ರಾಮಿಸ್. ನೀವು ಎಲ್ಲಾ ಟೇಸ್ಟಿಂಗಿಗೂ ಹೋಗ್ತೀರಂತೆ, ಅಮ್ಮ ಹೇಳಿದ್ರು. ಸೋ ಐ ಥಾಟ್... ಬರಬಹುದು ಅಂತ."

ಭಾವ ಡಬ್ಬಿಯನ್ನು ತೆಗೆದುಕೊಂಡರು. ಅದರ ಮುಚ್ಚಳದ ಮೇಲೆ ಕೈಯಾಡಿಸಿ, ಜೋಪಾನವಾಗಿ ತಮ್ಮ ಚೀಲದೊಳಗೆ ಇಟ್ಟುಕೊಂಡರು.

"ಇದು ಮನೆಗೆ ಕೊಂಡೋಗಿ ತಿನ್ತೇನೆ. ಈ ಜನಕ್ಕೆಲ್ಲ ಕೊಡ್ತಾ ಇದ್ದೀಯಲ್ಲ, ಅದು ಕೊಡು."

"ಅಪ್ಪ, ಇಟ್ ಹ್ಯಾಸ್ ಗಾರ್ಲಿಕ್. ತುಂಬಾ ಇದೆ."

"ವಾಸನೆ ಬಂತು. ಕೊಡು."

ನಿಧಿಯೇ ಒಂದು ಬಟ್ಟಲು ತೆಗೆದು, ಬಿಲ್ಲೆ ಹಾಕಿ, ಚಟ್ನಿ ಇಟ್ಟಳು. ಭಾವ ಎರಡೂ ಕೈ ಚಾಚಿ ತೆಗೆದುಕೊಂಡರು. ಅಭ್ಯಾಸಬಲದಿಂದ ನನ್ನ ಕೈ ಮುಂದೆ ಹೋಯಿತು. ಅವರು ನನ್ನ ಕಡೆ ತಿರುಗಲೇ ಇಲ್ಲ. ಬಿಲ್ಲೆಯನ್ನು ಚಟ್ನಿ ಸಮೇತ ಎತ್ತಿ ಬಾಯಿಗೆ ಹಾಕಿಕೊಂಡುಬಿಟ್ಟರು!

ಅರವತ್ತನಾಲ್ಕು ವರ್ಷದ ಬಾಯಿಗೆ ಮೊದಲ ಬೆಳ್ಳುಳ್ಳಿ. ಕಣ್ಣು ಅಗಲವಾಯಿತು. ಕಿವಿ ಕೆಂಪಾಯಿತು. ಉಗುಳುತ್ತಾರೆ ಎಂದು ನಾನು ಕಾಗದದ ಕರವಸ್ತ್ರ ಹುಡುಕಿದೆ. ಭಾವ ಅಗಿದರು, ಬಹಳ ಹೊತ್ತು ಅಗಿದರು, ನುಂಗಿದರು. ನೀರಿನ ಬಾಟಲಿಯನ್ನು ಮಾತ್ರ ಮುಟ್ಟಲಿಲ್ಲ.

"ಎಲೆ ಚೆನ್ನಾಗಿ ಬೆಂದಿದೆ. ಗಂಟಲು ತುರಿಸುದಿಲ್ಲ" ಎಂದರು. "ಹುಳಿ ಒಂಚೂರು ಕಡಿಮೆಯಾಯ್ತು. ನನ್ನಮ್ಮ ಇನ್ನೊಂಚೂರು ಹಾಕ್ತಿದ್ರು."

"ಓಕೆ" ಎಂದಳು ನಿಧಿ. ಮುಂಗೈಯಿಂದ ಮುಖ ಒರೆಸಿಕೊಂಡಳು. "ಓಕೆ ಅಪ್ಪ."

ಭಾವ ಅಲ್ಲಿಂದ ಕದಲಲಿಲ್ಲ. ಮೇಜಿನ ಪಕ್ಕದಿಂದ ಬಗ್ಗಿ ಅವಳ ಕಾಲಿನ ಕಡೆ ನೋಡಿದರು. "ಬೆಳಗ್ಗೆಯಿಂದ ನಿಂತೇ ಇದ್ದೀಯಾ ನೀನು? ಕಾಲು ನೋಯುದಿಲ್ವಾ ಮಗಾ?"

ಅವಳು ಏನೋ ಇಂಗ್ಲಿಷಿನಲ್ಲಿ ಶುರುಮಾಡಿ ನಿಲ್ಲಿಸಿದಳು. ತುಟಿ ಕಚ್ಚಿಕೊಂಡಳು.

"ನೋಯುತ್ತೆ ಅಪ್ಪ. ತುಂಬಾ ನೋಯುತ್ತೆ."

ಭಾವ ಸರಸರನೆ ಹೊರಟುಹೋದರು. ಐದು ನಿಮಿಷದಲ್ಲಿ, ಆಯೋಜಕರ ಟೆಂಟಿನಿಂದ ಎತ್ತಿದ ಮಡಚುವ ಕುರ್ಚಿಯೊಂದನ್ನು ತಲೆಯ ಮೇಲೆ ಹೊತ್ತು, ಹಿಂದೆ ಹಿಂದೆಯೇ ಕೂಗುತ್ತ ಬರುತ್ತಿದ್ದ ಸ್ವಯಂಸೇವಕಿಯನ್ನು ಲೆಕ್ಕಿಸದೆ, ಮೇಜಿನ ಹಿಂದಕ್ಕೆ ನುಗ್ಗಿದರು. ಕುರ್ಚಿಯನ್ನು ಬಿಡಿಸಿ, ಅಲುಗಾಡಿಸಿ ನೋಡಿ, ಮಗಳ ಬೆನ್ನ ಹಿಂದೆ ಇಟ್ಟರು. ಆದರೆ ಸಾಲು ಉದ್ದವಿತ್ತು, ಕಾವಲಿ ಕಾದಿತ್ತು, ಅವಳಿಗೆ ಕೂರಲಾಗಲಿಲ್ಲ. ಭಾವ ಕುರ್ಚಿಯ ಬೆನ್ನು ಹಿಡಿದುಕೊಂಡು, ಕೊನೆಯ ಬಟ್ಟಲು ಖಾಲಿಯಾಗುವ ತನಕ, ಅವಳ ಹಿಂದೆ ತಾವೂ ನಿಂತೇ ಇದ್ದರು.